ಮನ್ಯಾಗ ಕುಂತು ಓದಿದ್ರ ಅದು ಓದಲ್ಲೇನ್ರಿ?

ಹ್ವಾದ ವಾರ ನಮ್ಮ ಓಣ್ಯಾಗ ಒಂದು ಕುಬಸ ಇತ್ತು. ಉಡಿ ತುಂಬೂದು ಮುಗಿದು ಊಟಕ್ಕ ಕುಂತಾಗ ನಮ್ಮ ದೂರದ ಸಂಬಂಧಿಕರೊಬ್ಬರು, ಹೆಸರು ಬ್ಯಾಡ, ಹೋಳಗಿ ಮ್ಯಾಲೆ ತುಪ್ಪ ಹಾಕಿಸ್ಕೋತ ಕೇಳಿದ್ರು: "ನಿಮ್ಮ ಸೊಸಿ ಅಮೆರಿಕಾದಾಗ ಡಿಗ್ರಿ ಮಾಡ್ಯಾಳಂತಲ್ಲಬೇ ಅಕ್ಕಾ, ಆನ್‌ಲೈನ್ ಅಂತ? ಅದೇನ ಬಿಡು, ರೊಕ್ಕ ತುಂಬಿದ್ರ ಮನಿಗೇ ಕಳಸ್ತಾರ." ಸಾಲಿನ್ಯಾಗ ಕುಂತ ಮೂರು ಮಂದಿ ನಕ್ಕರು. ಸಾರಿನ ಬಕೀಟ ಹಿಡ್ಕೊಂಡು ಬಡಸಾಕತ್ತಿದ್ದ ಅವರ ಸೊಸಿ ಮಾತ್ರ ನಗಲಿಲ್ಲ. ಆಕೀನೂ ನರ್ಸ್, ಜಿ.ಎನ್.ಎಂ. ಮಾಡಿ ಊರಾಗಿನ ಒಂದು ಖಾಸಗಿ ದವಾಖಾನ್ಯಾಗ ಕೆಲಸಕ್ಕ ಹೋಗ್ತಾಳ. ನಾ ಆವಾಗ ಏನೂ ಅನಲಿಲ್ಲ. ಕುಬಸದ ಮನ್ಯಾಗ ಜಗಳ ತಗಿಬಾರದು. ಆದ್ರ ಮನಿಗೆ ಬಂದಮ್ಯಾಲೆ ನಿದ್ದಿ ಹತ್ತಲಿಲ್ಲ, ಅದಕ್ಕ ಇಲ್ಲೆ ಬರಿಯಾಕತ್ತೀನಿ. ಅವರು ಓದಿದ್ರೂ ಓದಲಿ.

ಮದಲ ಒಂದು ಮಾತು ಒಪ್ಕೋತೀನಿ. ಎರಡು ವರ್ಷದ ಹಿಂದ ಆಗಿದ್ರ ಆ ಸಾಲಿನ್ಯಾಗ ನಾನೂ ನಗತಿದ್ದೆ.

ನನ್ನ ಸೊಸಿ ಆನ್‌ಲೈನ್ ಓದಿ ನರ್ಸ್ ಆಗಿಲ್ಲ, ಇದನ್ನ ಎಲ್ಲಾರೂ ತಲ್ಯಾಗ ಇಟ್ಕೋರಿ. ನರ್ಸ್ ಆಕಿ ಮದಲಿಂದ ಇದ್ದಾಳ. ಪಿ.ಯು.ಸಿ. ಆದಮ್ಯಾಲೆ ಇಲ್ಲೇ ಜಿ.ಎನ್.ಎಂ. ಮಾಡಿದ್ಲು, ಬೆಂಗಳೂರಾಗ ಐ.ಸಿ.ಯು.ದಾಗ ಕೆಲಸ ಮಾಡಿದ್ಲು, ನನ್ನ ಮಗನ್ನ ಲಗ್ನಾಗಿ ಟೆಕ್ಸಾಸ್‌ಕ್ಕ ಹ್ವಾದಮ್ಯಾಲೆ ಸರ್ಟಿಫಿಕೇಟ್ ಎಲ್ಲಾ ಪರಿಶೀಲನೆಗೆ ಕಳಿಸಿ, ಎನ್‌ಕ್ಲೆಕ್ಸ್ ಅನ್ನೋ ಪರೀಕ್ಷಾ ಪಾಸಾಗಿ, ಲೈಸನ್ಸ್ ತಗೊಂಡು, ಡಲ್ಲಾಸ್ ಹತ್ರ ಒಂದು ಆಸ್ಪತ್ರ್ಯಾಗ ಸೇರಿದ್ಲು. ಸೂಜಿ ಚುಚ್ಚೂದು, ಸಲಾಯಿನ್ ಹಚ್ಚೂದು, ರಾತ್ರಿ ಎರಡಕ್ಕ ಬಿ.ಪಿ. ಬಿದ್ದ ಪೇಶಂಟ್‌ನ ಮುಂದ ನಿಂದ್ರೂದು, ಇವನ್ನ ಆಕಿ ಕಂಪ್ಯೂಟರ್ ನೋಡಿ ಕಲ್ತಿಲ್ಲ. ಆನ್‌ಲೈನ್‌ದಾಗ ಮಾಡಿದ್ದು ಅದರ ಮ್ಯಾಲಿನ ಬಿ.ಎಸ್ಸಿ. ನರ್ಸಿಂಗ್, ಈಗಾಗಲೇ ರಜಿಸ್ಟರ್ ಆದ ನರ್ಸಗಳಿಗಂತನ ಇರೋ ಕೋರ್ಸು.

ಅಲ್ಲೆ ನರ್ಸ್ ಆಗಾಕ ಮೂರು ದಾರಿ ಅದಾವ. ಆಸ್ಪತ್ರೆಯ ಡಿಪ್ಲೊಮಾ, ಎರಡು ವರ್ಷದ ಅಸೋಸಿಯೇಟ್ ಡಿಗ್ರಿ, ನಾಲ್ಕು ವರ್ಷದ ಬಿ.ಎಸ್ಸಿ. ಎರಡನೇ ಮಹಾಯುದ್ಧದ ನಂತರ ನರ್ಸಗಳ ಕೊರತಿ ಆದಾಗ ಮಿಲ್ಡ್ರೆಡ್ ಮೊಂಟಾಗ್ ಅನ್ನೋ ಶಿಕ್ಷಣತಜ್ಞೆ ಹಾಕಿಕೊಟ್ಟ ಯೋಜನೆ ಪ್ರಕಾರ 1952ರಾಗ ಆ ಎರಡು ವರ್ಷದ ಕೋರ್ಸು ಶುರುವಾತು. ಮೂರೂ ದಾರಿಯವರಿಗೆ ಪರೀಕ್ಷಾ ಒಂದ, ಲೈಸನ್ಸ್ ಒಂದ. ಆದ್ರ 2010ರಾಗ ಅಲ್ಲಿಯ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಒಂದು ವರದಿ ಕೊಟ್ಟು, 2020ರೊಳಗ ನೂರಕ್ಕ 80 ನರ್ಸಗಳು ಬಿ.ಎಸ್ಸಿ. ಮಾಡಿರಬೇಕು ಅಂತು. ನ್ಯೂಯಾರ್ಕ್ ರಾಜ್ಯ 2017ರ ಡಿಸೆಂಬರ್‌ದಾಗ ಕಾಯಿದೇನ ಮಾಡ್ತು, ಹೊಸದಾಗಿ ಲೈಸನ್ಸ್ ತಗೊಳ್ಳೋ ನರ್ಸ್ ಹತ್ತು ವರ್ಷದಾಗ ಬಿ.ಎಸ್ಸಿ. ಮುಗಿಸಬೇಕು ಅಂತ. ಹಿಂಗಾಗಿ ಕೆಲಸದಾಗ ಇದ್ದವರು ಕೆಲಸ ಬಿಡದ ಓದೋ ದಾರಿ ಬೇಕಾತು. ಮಕ್ಕಳಿದ್ದವರು, ಪಾಳಿ ಮ್ಯಾಲೆ ದುಡಿಯೋರು, ಬೆಳಿಗ್ಗೆ ಹತ್ತಕ್ಕ ಕಾಲೇಜಿಗೆ ಹ್ಯಾಂಗ ಹೋಗ್ತಾರ? ಅದಕ್ಕ ಆನ್‌ಲೈನ್ ಬಂತು. ಸೋಮಾರಿಗಳಿಗಂತ ಬಂದದ್ದಲ್ಲ.

ಈಗ ನನ್ನ ತಪ್ಪಿನ ಕಥಿ.

ಮೊಮ್ಮಗಳು ಹುಟ್ಟಿದಾಗ ಬಾಣಂತನಕ್ಕ ನಾ ಹೋದೆ. ಬೀಗಿತಿಗೆ ಮೊಣಕಾಲ ಆಪರೇಶನ್ ಆಗಿತ್ತು, ಆಕಿಗೆ ಬರಾಕ ಆಗಲಿಲ್ಲ. ಅಂಟಿನುಂಡಿ, ಕೊಬ್ಬರಿ ಖಾರ, ಎಲ್ಲಾ ಕಟ್ಕೊಂಡು ಹೋಗಿದ್ದೆ. ಮೂರು ತಿಂಗಳಾದಮ್ಯಾಲೆ ಆಕಿ ಮತ್ತ ಕೆಲಸಕ್ಕ ಹೋಗಾಕ ಹತ್ತಿದ್ಲು. ವಾರದಾಗ ಮೂರು ರಾತ್ರಿ, ಸಂಜೀ ಏಳರಿಂದ ಬೆಳಿಗ್ಗೆ ಏಳರ ತನಕ. ಹೆರಿಗಿಗಂತ ನಿಲ್ಲಿಸಿದ್ದ ಓದು ಅದ ಹೊತ್ತಿಗೆ ಮತ್ತ ಶುರುವಾತು. ಒಂದೊಂದು ವಿಷಯಕ್ಕ ಏಳೇ ವಾರ. ಪ್ರತಿ ವಾರ ಓದೂದು, ಗುರುವಾರದೊಳಗ ಪ್ರಶ್ನೆಗೆ ಉತ್ತರ ಬರೆದು ಹಾಕೂದು, ಮತ್ತ ಜೊತಿಗಿದ್ದ ಇಬ್ಬರು ನರ್ಸಗಳ ಉತ್ತರ ಓದಿ ಅವರಿಗೆ ವಾದ ಮಾಡಿ ಬರಿಯೂದು, ರವಿವಾರ ರಾತ್ರಿ 11 ಗಂಟೆ 59 ನಿಮಿಷದೊಳಗ ಪ್ರಬಂಧ ಕಳಸೂದು. ಎಲ್ಲಿಂದ ಏನು ತಗೊಂಡಿ ಅಂತ ಸಾಲು ಸಾಲಿಗೂ ಆಧಾರ ಕೊಡಬೇಕು, ಕಾಮಾ ತಪ್ಪಿದ್ರೂ ಮಾರ್ಕ್ಸ್ ಹೋಗ್ತಿತ್ತಂತ. ನಿಮಿಷ ತಪ್ಪಿದ್ರ ದಿನಕ್ಕ ಇಷ್ಟು ಅಂತ ಕಡತ.

ಇದೆಲ್ಲಾ ನನಗ ಆವಾಗ ಗೊತ್ತಿರಲಿಲ್ಲ. ನನಗ ಕಾಣಸ್ತಿದ್ದದ್ದು ಇಷ್ಟ: ಸೊಸಿ ಲ್ಯಾಪ್‌ಟಾಪ್ ಮುಂದ ಕುಂತಾಳ. ಮನ್ಯಾಗ ಅದಾಳ. ಮನ್ಯಾಗ ಇದ್ದಾಕಿನ್ನ ಕರಿಯಾಕೇನು? "ಜ್ವಾಳದ ಹಿಟ್ಟು ಎಲ್ಲೈತವಾ?" ಅಂತ ಒಮ್ಮೆ. "ಈ ಒಲಿ ಹ್ಯಾಂಗ ಆರಸೂದು?" ಅಂತ ಇನ್ನೊಮ್ಮೆ. ಊರಿಂದ ವಿಡಿಯೋ ಕಾಲ್ ಬಂದ್ರ ಫೋನ್ ಹಿಡ್ಕೊಂಡು ಸೀದಾ ಆಕಿ ಮುಖದ ಮುಂದ ಹಿಡಿಯೂದು, "ನೋಡು, ನಿಮ್ಮ ಚಿಗವ್ವ ಮಾತಾಡ್ಬೇಕಂತಾಳ." ಆಕಿ ನಕ್ಕೋತ ಮಾತಾಡ್ತಿದ್ಲು. ಬರದದ್ದು ಅರ್ಧಕ್ಕ ನಿಂತಿರ್ತಿತ್ತು.

ಅದ ಮನ್ಯಾಗ ನನ್ನ ಮಗ ವಾರದಾಗ ಮೂರು ದಿನ ಮನಿಯಿಂದನ ಕೆಲಸ ಮಾಡ್ತಿದ್ದ. ಅವನ ಖೋಲಿ ಬ್ಯಾರೆ, ಬಾಗಿಲಾ ಮುಚ್ಚಿರ್ತಿತ್ತು. "ಅವ್ವ, ಮೀಟಿಂಗ್ ಐತಿ" ಅಂದ್ರ ಮುಗೀತು, ನಾ ಮಿಕ್ಸರ್ ಹಚ್ಚತಿರಲಿಲ್ಲ, ಕೂಸು ಅತ್ರ ಹಿತ್ತಲಕ್ಕ ಕರ್ಕೊಂಡು ಓಡತಿದ್ದೆ, ಚಹಾ ಒಯ್ದು ಸಪ್ಪಳಿಲ್ಲದ ಇಟ್ಟು ಬರತಿದ್ದೆ. ಅವನ ಮುಂದನೂ ಲ್ಯಾಪ್‌ಟಾಪ್, ಇವಳ ಮುಂದನೂ ಲ್ಯಾಪ್‌ಟಾಪ್. ಅವಂದು ಕೆಲಸ, ಇವಳದು ಏನೋ ಒಂದು. ಊಟದ ಟೇಬಲ್ಲಿನ ಮೂಲ್ಯಾಗ, ಕರಿಬೇವು ಸೋಸೋ ತಾಟು ಸರಿಸಿ ಕುಂದ್ರತಿದ್ಲು. ಕಣ್ಣೆದುರಿಗೇ ಇತ್ತು. ನಾಲ್ಕು ತಿಂಗಳು ನಾ ಇದನ್ನ ನೋಡಿದ್ರೂ ನೋಡಲಿಲ್ಲ.

ಆಗಸ್ಟ್‌ದಾಗ ಒಂದು ರವಿವಾರ ಅಲ್ಲಿಯ ನಾಲ್ಕು ಕನ್ನಡ ಮನಿಯವರನ್ನ ಊಟಕ್ಕ ಕರದೆ. ಕರದಾಕಿ ನಾನ. ರೊಟ್ಟಿ, ಎಣ್ಣಿಗಾಯಿ, ಹೆಸರಕಾಳ ಪಲ್ಯ, ಕಡ್ಲಿಬ್ಯಾಳಿ ಹೋಳಗಿ. ಸೊಸಿ ಶನಿವಾರ ರಾತ್ರಿ ಡ್ಯೂಟಿ ಮುಗಿಸಿ ಬೆಳಿಗ್ಗೆ ಎಂಟಕ್ಕ ಮನಿಗೆ ಬಂದಿದ್ಲು. ನಾ ಏನಂದೆ ಗೊತ್ತೇನು? "ಒಂದೆರಡು ತಾಸು ಮಲಕ್ಕೊಂಡು ಏಳವಾ, ಹೂರಣ ರುಬ್ಬೂದೈತಿ." ದೊಡ್ಡ ಉಪಕಾರ ಮಾಡಿದಂಗ ಹೇಳಿದೆ. ಎದ್ದು ಹೂರಣ ರುಬ್ಬಿದ್ಲು, ಮಂದಿಗೆ ಬಡಿಸಿದ್ಲು, ಸಂಜೀಕ ಮತ್ತ ಚಹಾ ಚೂಡಾ ಆತು, ಭಾಂಡಿ ಮುಗಿಯೋದ್ರಾಗ ರಾತ್ರಿ ಎಂಟೂವರಿ. ಕೂಸಿಗೆ ಹಾಲು ಕುಡಿಸ್ಕೋತ ಅಲ್ಲೇ ನಿದ್ದಿ ಹೋದ್ಲು. ಎಚ್ಚರಾದಾಗ ಹನ್ನೆರಡೂ ಕಾಲು.

ಮರುದಿನ ಏನೂ ಹೇಳಲಿಲ್ಲ. ಎರಡು ದಿನ ಬಿಟ್ಟು ಮಧ್ಯಾಹ್ನ ಕೂಸು ಅಳಾಕತ್ತಿತ್ತು, ಸೊಸಿ ಎಲ್ಲೂ ಕಾಣವಲ್ಲಳು. ಮ್ಯಾಲೆ ನೋಡಿದೆ, ಹಿತ್ತಲ ನೋಡಿದೆ. ಕಡೀಕ ಗ್ಯಾರೇಜಿನ ಬಾಗಿಲಾ ತಗದ್ರ ಕಾರಿನ್ಯಾಗ ಕುಂತಾಳ. ಹೊರಗ 40 ಡಿಗ್ರಿ ಬಿಸಲು, ಗ್ಯಾರೇಜ್ ಅಂದ್ರ ತಗಡಿನ ಒಲಿ ಇದ್ದಂಗ. ಕಾರಿನ ಬಾಗಿಲಾ ತಗದಿಟ್ಟು, ಸ್ಟೇರಿಂಗ್ ಮ್ಯಾಲೆ ಲ್ಯಾಪ್‌ಟಾಪ್ ಆನಿಸಿ, ಸೆರಗಿಲ್ಲದ ಅಂಗಿ ತೋಳಿಲೆ ಬೆವರು ಒರಸ್ಕೋತ ಟೈಪ್ ಮಾಡಾಕತ್ತಾಳ. "ಇದೇನವಾ ಇಲ್ಲೆ?" ಅಂದೆ. "ಇಲ್ಲೆ ಯಾರೂ ಕರಿಯಂಗಿಲ್ಲಲ್ರಿ ಅತ್ತಿ" ಅಂದ್ಲು. ಸಿಟ್ಟಿಲೆ ಅನಲಿಲ್ಲ. ಸಿಟ್ಟಿಲೆ ಅಂದಿದ್ರ ನಾ ಎರಡು ಮಾತು ತಿರುಗಿ ಅಂದು ಮರತು ಬಿಡ್ತಿದ್ದೆ.

ಬರಿಯಾಕತ್ತಿದ್ದು ಪ್ರಬಂಧ ಅಲ್ಲ, ಕೋರ್ಸು ಬಿಡ್ತೀನಂತ ಪತ್ರ. ಆ ವಾರದ್ದು ಹೋತು, ಅದರ ಹಿಂದಿನ ವಾರದ್ದೂ ಅರ್ಧಾ ಆಗಿತ್ತು. ಆಸ್ಪತ್ರಿಯವರು ಫೀ ಕೊಡ್ತಿದ್ರು. ಅಲ್ಲೆ ಮಾಲೀಕರು ನೌಕರರ ಓದಿಗೆ ವರ್ಷಕ್ಕ 5,250 ಡಾಲರ್ ತನಕ ಕೊಟ್ರ ಅದಕ್ಕ ತೆರಿಗಿ ಇಲ್ಲ, ಹಿಂಗಾಗಿ ಭಾಳ ಆಸ್ಪತ್ರಿಗಳು ಕೊಡ್ತಾವ. ಆದ್ರ ಕರಾರು ಇರ್ತೈತಿ. ಇವಳ ಕರಾರಿನ್ಯಾಗ ನಡುವ ಬಿಟ್ರ ಕೊಟ್ಟದ್ದು ತಿರುಗಿ ತುಂಬಬೇಕಂತ ಇತ್ತು. ನನ್ನ ಹೋಳಗಿ ಎಷ್ಟಕ್ಕ ಬಿತ್ತು ನೋಡ್ರಿ.

ಅವತ್ತು ರಾತ್ರಿ ನನಗ ನನ್ನ ಟ್ರಂಕಿನ ನೆನಪಾತು. 1986ರಾಗ ಪಿ.ಯು.ಸಿ. ಪಾಸಾದೆ, ಮರುವರ್ಷ ಲಗ್ನಾತು. ಮನ್ಯಾಗ ಕುಂತು ಓದಿ ಹೊರಗಿನಿಂದ ಬಿ.ಎ. ಪರೀಕ್ಷಾ ಕಟ್ಟಬೇಕಂತ ಆಸೆ ಇತ್ತು. ನಮ್ಮ ಮಾವನವರ ಪುಸ್ತಕ ತರಿಸಿ ಕೊಟ್ರು, ಯಾರೂ ಬ್ಯಾಡ ಅನಲಿಲ್ಲ. ಆದ್ರ ಓದಾಕ ಕುಂತಾಗೊಮ್ಮೆ ಒಬ್ಬರಿಗೆ ನೀರು ಬೇಕಾಗ್ತಿತ್ತು, ಒಬ್ಬರಿಗೆ ಚಹಾ, ಒಬ್ಬರ ಅಂಗಿ ಗುಂಡಿ ಹರಿದಿರ್ತಿತ್ತು. ಎರಡು ವರ್ಷ ಟ್ರಂಕಿನ್ಯಾಗ ಇದ್ದ ಪುಸ್ತಕ ಆಮ್ಯಾಲೆ ರದ್ದಿಗೆ ಹಾಕಿದ್ವಿ. "ನಿನಗ ಯಾರು ಬ್ಯಾಡ ಅಂದಿದ್ರು?" ಅಂತ ನಮ್ಮ ಮನಿಯವರು ಈಗಲೂ ಕೇಳ್ತಾರ. ಖರೇನ, ಯಾರೂ ಅಂದಿರಲಿಲ್ಲ. ನಾನೂ ನನ್ನ ಸೊಸಿಗೆ ಬ್ಯಾಡ ಅಂದಿರಲಿಲ್ಲ.

ಮರುದಿನ ನನಗ ಕೊಟ್ಟಿದ್ದ ಖೋಲಿ ಆಕಿಗೆ ಬಿಟ್ಟುಕೊಟ್ಟು ನಾ ಕೂಸಿನ್ನ ತಗೊಂಡು ಪಡಸಾಲಿಗೆ ಬಂದೆ. ಮಗನಿಗೆ ಹೇಳಿದೆ, ನಿನ್ನ ಮೀಟಿಂಗ್‌ಗೆ ಇರೋ ಕಾಯಿದೆ ಆಕಿ ಓದಿಗೂ ಇರಲಿ, ರಾತ್ರಿ ಅಡಗಿ ನೀ ಕಲಿ. ಮಾರಿ ಸಣ್ಣದು ಮಾಡಿದ, ಆದ್ರ ಕಲ್ತ. ಅವ ಮಾಡೋ ಬ್ಯಾಳಿ ಇನ್ನೂ ನೀರ ನೀರ, ಅದು ಬ್ಯಾರೆ ಮಾತು. ಪತ್ರ ಕಳಿಸಲಿಲ್ಲ ಆಕಿ. ಪಾಠ ಹೇಳಾಕಿಗೆ ಇದ್ದದ್ದು ಇದ್ದಂಗ ಬರದು ಕಳಿಸಿದ್ಲು, ತಡಾದ ಪ್ರಬಂಧಕ್ಕ ಮಾರ್ಕ್ಸ್ ಕಡತ ಮಾಡಿ ತಗೊಂಡ್ರು.

"ಆತು, ಓದಿದ್ಲು. ಓದಿ ಆದದ್ದೇನು? ಅದ ಮಂಚ, ಅದ ಗುಳಿಗಿ, ಅದ ಲೈಸನ್ಸ್" ಅನ್ನೋರಿಗೆ ಈಗ ಬರ್ತೀನಿ. ಈ ಮಾತು ಅಮೆರಿಕಾದ ನರ್ಸಗಳೂ ಆಡ್ತಾರ, ಪೂರಾ ಸುಳ್ಳೂ ಅಲ್ಲ. ಆಕಿಗೆ ಪಗಾರ ಹೆಚ್ಚಾದದ್ದು ತಾಸಿಗೆ ಒಂದು ಡಾಲರ್ ಅಷ್ಟ. ಇಪ್ಪತ್ತು ವರ್ಷ ದುಡಿದ ಡಿಪ್ಲೊಮಾ ನರ್ಸಿನ ಕೈಗುಣ ನಿನ್ನೆ ಡಿಗ್ರಿ ತಗೊಂಡಾಕಿಗೆ ಬರ್ತೈತಿ ಅಂತ ನಾನೂ ಅನ್ನಂಗಿಲ್ಲ. ಮುಂದ ಮ್ಯಾನೇಜರ್ ಆಗಾಕ, ಪಾಠ ಹೇಳಾಕ, ಸಾರ್ವಜನಿಕ ಆರೋಗ್ಯದ ಕೆಲಸಕ್ಕ ಡಿಗ್ರಿ ಕೇಳ್ತಾರ, ಅದು ಒಂದು. ಆದ್ರ ನಾ ಹೇಳೂದು ನಾ ಕಣ್ಣಾರೆ ನೋಡಿದ್ದು.

ಮುಂದಿನ ವಿಷಯ ಸಮುದಾಯ ಆರೋಗ್ಯ ಇತ್ತು. ಅದರಾಗ ವಿಂಡ್‌ಶೀಲ್ಡ್ ಸರ್ವೆ ಅಂತ ಒಂದು ಕೆಲಸ. ಕಾರಿನ ಗಾಜಿನಿಂದ ನೋಡ್ಕೋತ ಒಂದು ಏರಿಯಾ ಪೂರಾ ಸುತ್ತಬೇಕು, ಅಲ್ಲಿಯ ಮಂದಿ ಹ್ಯಾಂಗ ಬದುಕ್ತಾರ, ಏನು ಐತಿ, ಏನು ಇಲ್ಲ ಅಂತ ಬರಕೋಬೇಕು. ಒಂದು ಶನಿವಾರ ಮಗ ಕಾರು ಹೊಡದ, ಆಕಿ ಮುಂದ ವಹಿ ಹಿಡ್ಕೊಂಡು ಕುಂತ್ಲು, ನಾನು ಕೂಸು ಹಿಂದ. ಊರಿನ ದಕ್ಷಿಣದ ಕಡೆ ಒಂದು ಬಡವರ ಭಾಗಕ್ಕ ಹ್ವಾದ್ವಿ. ನಾ ನೋಡಿದ್ದ ಅಮೆರಿಕಾ ಅದಲ್ಲ. ರಸ್ತೆ ಅಗಲಾಗೇ ಅದಾವ, ನಡಿಯಾಕ ಫುಟ್‌ಪಾತ್ ಇಲ್ಲ. ಬಸ್ ನಿಂದ್ರೋ ಕಡೆ ಒಂದು ಕಂಬ ಅಷ್ಟ, ನೆರಳಿಲ್ಲ, ಅಂಥಾ ಬಿಸಲಾಗ ಒಬ್ಬ ಮುದುಕಿ ವಾಕರ್ ಹಿಡ್ಕೊಂಡು ನಿಂತಿದ್ಲು. "ಅತ್ತಿ, ಇಲ್ಲೆ ಕಾಯಿಪಲ್ಲೆ ಎಲ್ಲೆ ಸಿಗತೈತಿ ನೀವು ನೋಡ್ರಿ, ನಿಮಗ ಲಗೂನ ಗೊತ್ತಾಗತೈತಿ" ಅಂದ್ಲು. ನಾ ಮೂವತ್ತೈದು ವರ್ಷ ಸಂತಿ ಮಾಡಿದಾಕಿ. ಮುಕ್ಕಾಲು ತಾಸು ಕಣ್ಣು ಕೀಲಿಸಿ ನೋಡಿದೆ. ಪೆಟ್ರೋಲ್ ಬಂಕಿನ ಅಂಗಡಿ ನಾಲ್ಕು, ಒಳಗ ಚಿಪ್ಸ್, ಬಿಯರ್, ಬಣ್ಣದ ನೀರು. ಡಯಾಲಿಸಿಸ್ ಸೆಂಟರ್ ಎರಡು. ಒಂದು ಟೊಮೆಟೊ ಕಾಣಲಿಲ್ಲ.

ತಿರುಗಿ ಬರೋವಾಗ ಆಕಿ ಸುಮ್ನ ಕುಂತಿದ್ಲು. ಆಮ್ಯಾಲೆ ಹೇಳಿದ್ಲು. ಆಕಿ ವಾರ್ಡಿಗೆ ಒಬ್ಬ ಸಕ್ಕರಿ ಬ್ಯಾನಿ ಪೇಶಂಟ್ ವರ್ಷದಾಗ ಮೂರು ಸಲ ಬಂದಿದ್ದನಂತ. ಮೂರು ಸಲಾನೂ ಮನಿಗೆ ಕಳಸೋವಾಗ ಇವಳು ಚೀಟಿ ಓದಿ ಹೇಳ್ಯಾಳ, ತಾಜಾ ತರಕಾರಿ ತಿನ್ರಿ, ದಿನಾ ಅರ್ಧ ತಾಸು ನಡೀರಿ. ಅವ ಹೂಂ ಅಂದು ಹೋಗ್ಯಾನ. "ಅವ ಈ ಕಡೆದವ ಅತ್ತಿ" ಅಂದ್ಲು. ಈಗ ಚೀಟಿ ಓದೋಕಿಂತ ಮದಲ ಕೇಳ್ತಾಳಂತ, ಸಂತಿ ಎಲ್ಲೆ ಮಾಡ್ತೀರಿ, ಮನ್ಯಾಗ ಅಡಗಿ ಯಾರು ಮಾಡ್ತಾರ, ಗುಳಿಗಿ ತರಾಕ ಹ್ಯಾಂಗ ಹೋಗ್ತೀರಿ ಅಂತ. ಡಬ್ಬಿ ಕಾಳಾದ್ರೂ ತೊಳದು ಹ್ಯಾಂಗ ತಿನ್ನಬಹುದು ಅಂತ ಹೇಳಿ ಕಳಸ್ತಾಳ. ಗುಳಿಗಿ ಅದ, ಮಂಚ ಅದ, ಒಪ್ಪಿದೆ. ಮಾತು ಅದ ಅಲ್ಲಲ್ಲ.

ಅಂಕಿಸಂಖ್ಯೆ ವಿಷಯ ಓದೋವಾಗ ಆಕಿ ನನಗ ಇನ್ನೊಂದು ತೋರಿಸಿದ್ಲು. ಲಿಂಡಾ ಐಕನ್ ಅನ್ನೋ ನರ್ಸಿಂಗ್ ವಿದ್ವಾಂಸೆ ಮತ್ತ ಆಕಿ ಜೊತಿಯವರು ಪೆನ್ಸಿಲ್ವೇನಿಯಾದ 168 ಆಸ್ಪತ್ರಿಗಳನ್ನ ಅಧ್ಯಯನ ಮಾಡಿ 2003ರಾಗ ಪ್ರಕಟಿಸಿದ್ರು. ಆಪರೇಶನ್ ಆದ ಪೇಶಂಟ್‌ಗಳ ಲೆಕ್ಕ ಅದು. ಆಸ್ಪತ್ರ್ಯಾಗ ಡಿಗ್ರಿ ಓದಿದ ನರ್ಸಗಳು ನೂರಕ್ಕ ಹತ್ತು ಹೆಚ್ಚಿದ್ದಲ್ಲೆ, ಮೂವತ್ತು ದಿನದೊಳಗ ಸಾಯೋ ಸಂಭವ ನೂರಕ್ಕ ಐದು ಕಡಿಮಿ ಇತ್ತು. 2014ರಾಗ ಯುರೋಪಿನ ಒಂಬತ್ತು ದೇಶದ ಅಧ್ಯಯನದಾಗ ಅದು ನೂರಕ್ಕ ಏಳು ಬಂತು. ನಾ ಖುಷಿಯಾಗಿ "ಇದನ್ನ ಎಲ್ಲಾರಿಗೂ ಹೇಳ್ತೀನಿ" ಅಂದೆ. "ಹೇಳ್ರಿ, ಆದ್ರ ಡಿಗ್ರೀನ ಕಾರಣ ಅಂತ ಹೇಳಬ್ಯಾಡ್ರಿ ಅತ್ತಿ, ಎರಡೂ ಕೂಡಿ ಕಂಡಾವ ಅಂತ ಅಷ್ಟ ಹೇಳ್ರಿ" ಅಂತ ತಿದ್ದಿದ್ಲು. ನೋಡ್ರಿ, ರೊಕ್ಕ ತುಂಬಿ ತರಿಸಿದ ಡಿಗ್ರಿ ಹಿಂಗ ತಿದ್ದತೈತೇನು?

ರೊಕ್ಕ ತುಂಬಿ ತರಿಸೋರೂ ಅದಾರ, ಅದನ್ನ ಮುಚ್ಚಂಗಿಲ್ಲ. 2023ರ ಜನೇವರ್ಯಾಗ ಅಮೆರಿಕಾದ ಪೊಲೀಸರು ಫ್ಲಾರಿಡಾದ ಮೂರು ನರ್ಸಿಂಗ್ ಶಾಲೆಗಳಿಂದ 7,600ಕ್ಕೂ ಹೆಚ್ಚು ಖೊಟ್ಟಿ ಸರ್ಟಿಫಿಕೇಟ್ ಮಾರಿದ್ದನ್ನ ಹೊರಗ ಹಾಕಿದ್ರು, 25 ಮಂದಿ ಮ್ಯಾಲೆ ಕೇಸಾತು. ಅವು ಓದದನ ಕೊಂಡವು, ಲೈಸನ್ಸ್ ಪರೀಕ್ಷಾಕ್ಕ ಕುಂದ್ರಾಕಂತ. ಅದಕ್ಕ ಕೋರ್ಸಿಗೆ ಸೇರೋಕಿಂತ ಮದಲ ಸಿ.ಸಿ.ಎನ್.ಇ. ಅಥವಾ ಎ.ಸಿ.ಇ.ಎನ್. ಮಾನ್ಯತೆ ಐತೋ ಇಲ್ಲೋ ಅಂತ ಆಕಿ ಮೂರು ಸಲ ನೋಡಿದ್ಲು. ಕಳ್ಳ ಬಂಗಾರ ಮಾರ್ತಾನಂತ ಅಕ್ಕಸಾಲಿಗ್ಯಾ ಕೆಲಸ ಬಿಡ್ತಾನೇನು?

ನಮ್ಮ ಕಡೆ ಹೆಣ್ಣಮಕ್ಕಳು ಇದನ್ನ ಓದಿ ಇಲ್ಲೂ ಆನ್‌ಲೈನ್ ಹುಡುಕ್ಯಾರು, ಅದಕ್ಕ ಹೇಳಿಬಿಡ್ತೀನಿ. ನಮ್ಮ ದೇಶದಾಗ ಆ ದಾರಿ ಇಲ್ಲ. ಯು.ಜಿ.ಸಿ.ಯ 2020ರ ನಿಯಮದ ಪ್ರಕಾರ ನರ್ಸಿಂಗ್ ಆನ್‌ಲೈನ್ ಕಲಸೋ ವಿಷಯಗಳ ಪೈಕಿ ಬರಂಗಿಲ್ಲ. ಜಿ.ಎನ್.ಎಂ. ಆದವರಿಗೆ ಇಲ್ಲೆ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಐತಿ, ಕಾಲೇಜಿಗೆ ಹೋಗಿ ಓದೋದಾದ್ರ ಎರಡು ವರ್ಷ. ಫೋನ್ ಮಾಡಿ "ಮನ್ಯಾಗ ಕುಂತು ಆರು ತಿಂಗಳದಾಗ ಬಿ.ಎಸ್ಸಿ. ನರ್ಸಿಂಗ್" ಅನ್ನೋ ಏಜೆಂಟನ ಕಿವಿ ಹಿಂಡ್ರಿ. ಕಾಲೇಜು ನರ್ಸಿಂಗ್ ಕೌನ್ಸಿಲ್ಲಿನ ಪಟ್ಟಿಯೊಳಗ ಐತೋ ಇಲ್ಲೋ ನೋಡ್ರಿ.

ಇಲ್ಲಿಗೆ ಬಂದ ಮ್ಯಾಲೆ ಕುಬಸದ ಮನಿ ಮಾತಿಗೆ ತಿರುಗಿ ಬರ್ತೀನಿ. ಆ ಸಂಬಂಧಿಕರ ಸೊಸಿಗೆ ಆ ಪೋಸ್ಟ್ ಬೇಸಿಕ್ ಮಾಡೋ ಮನಸೈತಿ. ಕೈ ತೊಳಿಯೋ ಕಡೆ ಸಣ್ಣ ದನಿಲೆ ನನ್ನ ಕೇಳಿದ್ಲು. ಮನ್ಯಾಗ "ಎರಡು ವರ್ಷ ಪಗಾರ ಬಿಟ್ಟು ಓದ್ತೀಯೇನು?" ಅಂತಾರಂತ. ಅಲ್ರೀ ಅಣ್ಣಾರ, ಕೆಲಸ ಬಿಡದ ಮನ್ಯಾಗ ಓದಿದ್ರ ಅದು ಓದಲ್ಲ ಅಂತ ನಗ್ತೀರಿ, ಕೆಲಸ ಬಿಟ್ಟು ಕಾಲೇಜಿಗೆ ಹೋಗ್ತೀನಂದ್ರ ಪಗಾರ ಎಣಸ್ತೀರಿ. ನಿಮ್ಮ ಮಗ ಇಂಜಿನಿಯರಿಂಗ್‌ದಾಗ ನಾಲ್ಕು ಸಬ್ಜೆಕ್ಟ್ ಹಿಂದ ಉಳಿಸ್ಕೊಂಡು ಆರು ವರ್ಷ ಓದಿದಾಗ ಯಾರು ಏನು ಎಣಿಸಿದ್ರು? ಪರೀಕ್ಷಾ ಬಂದ್ರ ಓಣಿ ತುಂಬ ಟಿ.ವಿ. ಸಣ್ಣದು ಮಾಡ್ರಿ ಅಂತ ಹೇಳ್ತಿದ್ರಲ್ಲ ಅತ್ತಿಗಿ, ನನಗ ನೆನಪೈತಿ. ನಮ್ಮ ಮನಿಗೂ ಬಂದು ಹೇಳಿದ್ರಿ, ನಾವು ಸಣ್ಣದು ಮಾಡಿದ್ವಿ.

ನಾಳೆ ನಿಮಗ ಎದಿ ನೋವು ಬಂದ್ರ ರಾತ್ರಿ ಎರಡಕ್ಕ ಮಂಚದ ಬಾಜೂಕ ನಿಂದ್ರಾಕಿ ಆಕೀನ. ಡಾಕ್ಟರ್ ಬೆಳಿಗ್ಗೆ ಬರ್ತಾರ.

ನನ್ನ ಸೊಸಿದು ಹ್ವಾದ ತಿಂಗಳ ಮುಗೀತು. ಪದವಿ ಕೊಡೋ ಸಮಾರಂಭ ಐತಂತ, ಗೌನು, ಟೊಪಗಿ ಎಲ್ಲಾ. ಆದ್ರ ಅದರ ಹಿಂದಿನ ರಾತ್ರಿ ಡ್ಯೂಟಿ ಐತಿ, ಪಾಳಿ ಬದಲಿಗೆ ಯಾರರ ಸಿಗ್ತಾರೇನಂತ ಕೇಳಾಕತ್ತಾಳ. ಮಗ ಕೂಸಿಗೂ ಒಂದು ಸಣ್ಣ ಟೊಪಗಿ ತಂದಾನಂತ.

ಈ ಕಡೆ ನಮ್ಮ ಮಾಳಗಿ ಮ್ಯಾಲಿನ ಖೋಲಿ ಖಾಲಿ ಐತಿ. ಮಗ ಓದಿದ ಟೇಬಲ್ ಅಲ್ಲೇ ಐತಿ, ಫ್ಯಾನ್ ಸ್ವಲ್ಪ ಸಪ್ಪಳ ಮಾಡತೈತಿ, ರಿಪೇರಿಗೆ ಹೇಳೀನಿ. ಆ ಹುಡುಗಿಗೆ ಫೋನ್ ಮಾಡಿ ಅಂದೆ, ಅರ್ಜಿ ಹಾಕು, ಡ್ಯೂಟಿ ಬಿಟ್ಟಮ್ಯಾಲೆ ದಿನಾ ಎರಡು ತಾಸು ಇಲ್ಲೆ ಬಂದು ಕುಂದ್ರು, ಮನ್ಯಾಗ ಕೇಳಿದ್ರ ಅಕ್ಕಾರಿಗೆ ಬಿ.ಪಿ. ನೋಡಾಕ ಹೋಗ್ತೀನಂತ ಹೇಳು. ನಕ್ಕಳು. ಸೋಮವಾರದಿಂದ ಬರ್ತೀನಂದಾಳ.